ಸಂಜೆಯ ಹನ್ನೊಂದು ಸೆಕೆಂಡು

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಮೂಡುಬಿದಿರೆಯ ಕಮಲಾವತಿಯಮ್ಮನ ಜಗಲಿಯಿಂದ ಎಂದುಕೊಂಡಿದ್ದೆ. ಹೋಗಿ ನೋಡಿದರೆ ನನಗಿಂತ ಮೊದಲೇ ಲತೇಶ್ ಅಲ್ಲಿ ಕುರ್ಚಿ ಎಳೆದು ಕೂತಿದ್ದ. ಒಂದು ಸರಕಾರಿ ಕಚೇರಿಯವನು. (ಯಾವ ಕಚೇರಿ ಎಂದು ಹೇಳುವುದಿಲ್ಲ. ನನ್ನ ಬಳಿಯೂ ಫೋನ್ ಇದೆ.) ಯಾರದೋ ಡ್ರೋನ್ ಕಳವಾದದ್ದಕ್ಕೆ ಇಡೀ ಮೊಬೈಲ್ ಟವರಿನ ಒಂದು ವರ್ಷದ ಕಾಲ್ ಲಿಸ್ಟ್ ತರಿಸಿಕೊಂಡಿದ್ದ.

"ಅಮ್ಮ, ಅಳದಂಗಡಿಯ ಒಂದು ನಂಬರಿಗೆ ದಿನಾ ಫೋನ್ ಮಾಡ್ತೀರಿ. ಹನ್ನೊಂದೇ ಸೆಕೆಂಡು. ಡಿಸೆಂಬರಿನಲ್ಲಿ ಐದೂ ಮುಕ್ಕಾಲಕ್ಕೆ, ಜೂನಿನಲ್ಲಿ ಆರೂವರೆಗೆ. ದಿನಾ ಸ್ವಲ್ಪ ಸ್ವಲ್ಪ ಸರೀತದೆ. ಇದೆಂತ ಕೋಡ್?"

"ನನ್ನ ಫೋನು, ನನ್ನ ವಿಷಯ. ಕಾಫಿ ಕುಡೀತೀರಾ?"

೨
ಕೋಡೂ ಇಲ್ಲ, ಮಣ್ಣೂ ಇಲ್ಲ. ಓದುಗರೇ, ನಿಮಗೆ ಮಾತ್ರ ಹೇಳುತ್ತೇನೆ. ಆ ನಂಬರ್ ಅವರ ತಮ್ಮ ವಿಜಯರಾಜನದು. ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಈ ಮನುಷ್ಯ ಅಂಗಡಿಯಲ್ಲಿ ಹೊತ್ತು ಮರೆತು ಎಷ್ಟೋ ದಿನ ಉಪವಾಸ ಮಲಗಿದ್ದ. ಅದಕ್ಕೇ ಅಕ್ಕ ದಿನಾ "ಹೊತ್ತಾಯ್ತು, ಊಟ ಮಾಡು" ಎಂದು ಹೇಳಿ ಫೋನ್ ಇಡುತ್ತಾರೆ.

ತೊಂದರೆ ಏನೆಂದರೆ, ಒಂದು ಹಲಸಿನ ಮರಕ್ಕಾಗಿ ಈ ಅಕ್ಕ ತಮ್ಮ ಒಂಬತ್ತು ವರ್ಷದಿಂದ ಬೆಳ್ತಂಗಡಿ ಕೋರ್ಟು ಹತ್ತಿ ಇಳಿಯುತ್ತಿದ್ದಾರೆ. ಅವರಿಗೆ ಮಾತಿಲ್ಲ ಎಂದು ಊರಿಗೇ ಗೊತ್ತು. ಫೈಲಿಗೆ ಹೋದದ್ದು ಊರಿಗೆ ಹೋದ ಹಾಗೆ. ಗೊತ್ತಾದರೆ ಎರಡೂ ಮನೆಯವರು ಒಂಬತ್ತು ವರ್ಷದಲ್ಲಿ ಮೊದಲ ಸಲ ಒಂದಾಗಿ ಆ ಫೋನನ್ನೇ ನಿಲ್ಲಿಸುತ್ತಾರೆ.

೨ (ಮತ್ತೆ)
"ನಿಮಗೆ ಬುದ್ಧಿ ಉಂಟಾ?" ಕಮಲಾವತಿಯಮ್ಮ ನನ್ನ ಕಡೆ ತಿರುಗಿದರು. "ಇವರಾದ್ರೂ ಲಿಸ್ಟ್ ಮಾತ್ರ ನೋಡಿದ್ದು. ನೀವು ಮಾತನ್ನೇ ಕದ್ದು ಕೇಳಿ ಬರೆದ್ರಿ."

"ಅಮ್ಮ, ನಾನು ಲೇಖಕ. ನನಗೆ ಎಲ್ಲ ಗೊತ್ತಿರಬೇಕಾಗ್ತದೆ."

"ಇವರೂ ಅದನ್ನೇ ಹೇಳಿದ್ದು."

ನಾಚಿಕೆಯಾಯಿತು. ಬರೆದದ್ದನ್ನು ಹೊಡೆದುಹಾಕಲು ಹೋದೆ, ಅಷ್ಟರಲ್ಲಿ ನೀವು ಓದಿಬಿಟ್ಟಿದ್ದಿರಿ.

೪ (ಮೂರನ್ನು ಕಮಲಾವತಿಯಮ್ಮ ಹರಿದು ಒಲೆಗೆ ಹಾಕಿದರು)
ಲತೇಶನಿಗೆ ಕೊಡಲು ಬೇರೆ ಕಥೆಗಳು.

ಅ) ಫೋನ್ ಮಾಡುವುದು ಮಿಕ್ಸಿ ರಿಪೇರಿಯವನಿಗೆ. ("ವರ್ಷವಿಡೀ ರಿಪೇರಿಯಾ?" ಎಂದ ಲತೇಶ್.)

ಆ) ಡ್ರೋನ್ ಕದ್ದದ್ದು ಕಮಲಾವತಿಯಮ್ಮನೇ. ("ಹಪ್ಪಳಕ್ಕೆ ಬಂದ ಕಾಗೆ ಓಡಿಸ್ಲಿಕ್ಕೇ ನನ್ನಿಂದ ಆಗುವುದಿಲ್ಲ," ಎಂದರು ಅವರು.)

ಇ) ಡ್ರೋನ್ ಸಿಕ್ಕಿತು. ಮಾಲೀಕನ ತಾರಸಿಯಲ್ಲೇ ಬಿದ್ದಿತ್ತು.

ಈ ಕೊನೆಯದೇ ನಡೆಯಿತು. ಆದರೆ ತಂದ ಲಿಸ್ಟನ್ನು ವಾಪಸ್ ಮಾಡುವ ಫಾರ್ಮು ಕಚೇರಿಯಲ್ಲಿ ಇಲ್ಲವಂತೆ. "ಇರಲಿ ಅಮ್ಮ, ಒಂದು ಕಡೆ ಇರ್ತದೆ," ಎಂದು ಲತೇಶ್ ಫೈಲನ್ನು ಕಂಕುಳಲ್ಲಿಟ್ಟುಕೊಂಡು ಹೋದ.

೫
ಈಗ ಸಂಜೆ. ಕಮಲಾವತಿಯಮ್ಮ ಫೋನ್ ಎತ್ತಿದರು, ಇಟ್ಟರು. ಲಿಸ್ಟಿಗೆ ಇನ್ನೊಂದು ಸಾಲು ಸೇರುತ್ತದಲ್ಲ ಎಂಬ ಹೆದರಿಕೆ. ಅಳದಂಗಡಿಯಲ್ಲಿ ವಿಜಯರಾಜ ಇವತ್ತು ಹೊತ್ತು ಮರೆತಿಲ್ಲ. ಬಡಿಸಿಕೊಂಡು ಫೋನನ್ನೇ ನೋಡುತ್ತಿದ್ದಾನೆ. ಅಕ್ಕ ಹೇಳದೆ ಅವನಿಗೆ ತುತ್ತು ಇಳಿಯುವುದಿಲ್ಲ.

ಮುಗಿಸಿ ಮಾರಾಯ್ರೇ, ಎನ್ನುತ್ತೀರಿ. ಮುಗಿಸಿದರೆ ಕತ್ತಲಾಗುತ್ತದೆ. ಸೂರ್ಯ ಮುಳುಗಲು ಏಳು ನಿಮಿಷವಿದೆ, ನಾನು ಮುಳುಗಿಸುವುದಿಲ್ಲ. ಲೇಖಕನಾಗಿ ಇಷ್ಟಾದರೂ ಮಾಡುತ್ತೇನೆ. ನೀವು ದಯವಿಟ್ಟು ಆ ಕಡೆ ತಿರುಗಿ ಕೂರಿ. ನೀವು ನೋಡುತ್ತಿರುವಷ್ಟು ಹೊತ್ತು ಅವರು ಫೋನ್ ಮುಟ್ಟುವುದಿಲ್ಲ.