ಇನ್ನೊಬ್ಬರ ಕೈತುತ್ತು

ಗರ್ಭಕೋಶ ತೆಗೆಸಿಕೊಳ್ಳಲೇಬೇಕು ಎಂದು ದಾವಣಗೆರೆಯ ಡಾಕ್ಟರು ಹೇಳಿ ಏಳು ತಿಂಗಳಾಗಿತ್ತು. ಎರಡು ಸಲ ದಿನ ಗೊತ್ತುಮಾಡಿ ಎರಡು ಸಲವೂ ನಾನೇ ತಪ್ಪಿಸಿಕೊಂಡಿದ್ದೆ. ಕೇಳಿದವರಿಗೆಲ್ಲ ರಜೆ ಸಿಗಲಿಲ್ಲ ಅಂದೆ. ಸುಳ್ಳು. ನಮ್ಮ ಜೋಗಿಯನ್ನು ಯಾರಿಗೆ ಒಪ್ಪಿಸಿ ಹೋಗಲಿ ಎನ್ನುವುದೇ ನಿಜವಾದ ಕಾರಣ. ನಾಯಿಗಾಗಿ ಆಪರೇಷನ್ ಮುಂದೂಡಿದೆ ಎಂದರೆ ನರ್ಸಮ್ಮನಿಗೆ ಬುದ್ಧಿ ಕೆಟ್ಟಿದೆ ಎಂದು ಇಡೀ ಕೊಟ್ಟೂರು ಆಡಿಕೊಳ್ಳುತ್ತಿತ್ತು.

ಜೋಗಿಗೆ ಹನ್ನೆರಡು ವರ್ಷ. ಎರಡು ಕಣ್ಣಿಗೂ ಪೊರೆ ಬಂದು ಏನೂ ಕಾಣುವುದಿಲ್ಲ. ಕಣ್ಣು ಹೋದ ಮೇಲೆ ತಟ್ಟೆಯಲ್ಲಿಟ್ಟದ್ದನ್ನು ಮುಟ್ಟುವುದನ್ನೇ ಬಿಟ್ಟ. ನಾನು ಕೈಯಾರೆ ಬಾಯಿಗಿಟ್ಟರೆ ಮಾತ್ರ ತಿನ್ನುತ್ತಾನೆ. ಹಿಂದಿನ ವರ್ಷ ತರಬೇತಿಗೆಂದು ಬಳ್ಳಾರಿಗೆ ಹೋಗಿ ಐದು ದಿನ ಬಿಟ್ಟು ಬಂದಾಗ ಬಾಗಿಲಿಗೆ ತಲೆಯಿಟ್ಟು ಬಿದ್ದಿದ್ದ. ನೀರು ಬಿಟ್ಟರೆ ಬೇರೇನೂ ಮುಟ್ಟಿರಲಿಲ್ಲ. ಈಗ ಆಸ್ಪತ್ರೆ, ಆಮೇಲೆ ಅಲ್ಲೇ ಅಕ್ಕನ ಮನೆ, ಎಲ್ಲ ಸೇರಿ ಇಪ್ಪತ್ತು ದಿನ. ಅಷ್ಟು ದಿನ ಉಪವಾಸ ಬಿದ್ದರೆ ಅವನು ಉಳಿಯುವುದಿಲ್ಲ. ಹೋಗದಿದ್ದರೆ ನಾನು ಉಳಿಯುವುದಿಲ್ಲ. ರಕ್ತ ಹೋಗಿ ಹೋಗಿ ನಾಲ್ಕು ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಊರಿನ ಬಸುರಿಯರಿಗೆಲ್ಲ ಬೈದು ಬೈದು ಕಬ್ಬಿಣದ ಮಾತ್ರೆ ನುಂಗಿಸುವವಳ ಗತಿ ಇದು.

ಮನೆಯಲ್ಲಿದ್ದ ಬೆಕ್ಕಿನ ಚಿಂತೆಯಿರಲಿಲ್ಲ. ಅದು ನಾಲ್ಕು ಮನೆಯಲ್ಲಿ ಉಂಡು ಐದನೆಯ ಮನೆಯಲ್ಲಿ ಮಲಗುವ ಪ್ರಾಣಿ. ನಾನು ಊರಲ್ಲಿಲ್ಲ ಎಂಬುದಾದರೂ ಅದಕ್ಕೆ ತಿಳಿಯುತ್ತಿತ್ತೋ ಇಲ್ಲವೋ.

ಜೋಗಿಯನ್ನು ನೋಡಿಕೊಳ್ಳಲು ಒಪ್ಪಿದವಳು ಪಕ್ಕದ ಮನೆಯ ಅಂಜಿನಕ್ಕ. ಖಾನಾವಳಿಗೆ ರೊಟ್ಟಿ ಬಡಿದು ಕೊಡುವ ಹೆಂಗಸು, ಬಾಯಿ ಜೋರು, ಮನಸ್ಸು ಮೆತ್ತಗೆ. ಹೊರಡುವುದಕ್ಕೆ ಒಂದು ವಾರ ಮೊದಲೇ ರಜೆ ಹಾಕಿ ಅವಳಿಗೆ ಮನೆಯನ್ನೆಲ್ಲ ತೋರಿಸಿದೆ.

"ಈ ಮಂಚ ಸರಿಸಬ್ಯಾಡ ಅಂಜಿನಕ್ಕ. ಕುರ್ಚಿನೂ ಅಷ್ಟ. ಅಂವ ಎಲ್ಲಾ ನೆಪ್ಪಿನ ಮ್ಯಾಲೆ ಅಡ್ಡಾಡ್ತಾನ. ನೀರಿನ ಬೋಗುಣಿ ಈ ಮೂಲ್ಯಾಗ ಇರಬೇಕು. ಮುಟ್ಟೋಕ್ ಮೊದಲು ಹೆಸರು ಹಿಡಿದು ಕೂಗು, ಇಲ್ಲಾಂದ್ರ ಬೆಚ್ಚಿ ಬೀಳ್ತಾನ."

"ನಮ್ಮ ಮಾವಗೂ ನಾ ಇಷ್ಟು ಉಪಚಾರ ಮಾಡಿದ್ದಿಲ್ಲ ಬಿಡವ್ವಾ," ಎಂದಳು ಅಂಜಿನಕ್ಕ. "ಇನ್ನೇನೈತಿ ಹೇಳು."

ಇನ್ನೂ ಬೇಕಾದಷ್ಟಿತ್ತು. ಹಿತ್ತಲಿನ ನೀರಿನ ತೊಟ್ಟಿಗೆ ಅವನು ಬೀಳದ ಹಾಗೆ ಹಲಗೆ ಮುಚ್ಚಿಸಿದೆ. ಸಡಿಲವಾಗಿದ್ದ ಬಾಗಿಲ ಚಿಲಕ ಬಿಗಿ ಮಾಡಿಸಿದೆ. ಹೊಸ್ತಿಲು ಬಂತೆಂದು ಕಾಲಿಗೆ ಗೊತ್ತಾಗಲಿ ಎಂದು ಅದರ ಮುಂದೆ ಗೋಣಿಚೀಲ ಹಾಸಿದೆ. ಒಂದೊಂದು ಕೆಲಸ ಮುಗಿದಾಗಲೂ ಗೋಡೆಗೆ ಒರಗಿ ದಣಿವಾರಿಸಿಕೊಳ್ಳಬೇಕಿತ್ತು. ಎಸ್.ಟಿ.ಡಿ. ಬೂತಿನಿಂದ ಅಕ್ಕನಿಗೆ ಫೋನ್ ಮಾಡಿದಾಗ ಅವಳು, ನಿನ್ನ ಬಟ್ಟೆಬರೆ ಜೋಡಿಸಿಕೊಂಡೆಯಾ ಎಂದು ಕೇಳಿದಳು. ಅದು ನನಗೆ ನೆನಪೇ ಆಗಿರಲಿಲ್ಲ.

ಉಳಿದದ್ದೆಲ್ಲ ಸರಿಹೋಯಿತು, ಊಟವೊಂದು ಸರಿಹೋಗಲಿಲ್ಲ. ಮೊದಲ ದಿನ ಅಂಜಿನಕ್ಕ ಹಾಲಲ್ಲಿ ನೆನೆಸಿದ ರೊಟ್ಟಿಯ ತುತ್ತು ಹಿಡಿದಳು. ಜೋಗಿ ಮೂಸಿ ಮುಖ ತಿರುಗಿಸಿದ. ಎರಡನೆಯ ದಿನ ನನ್ನ ಒಗೆಯದ ಸೀರೆಯನ್ನು ಅವಳಿಗೆ ಉಡಿಸಿದೆ. "ಇದನ್ನ ಉಟ್ಕೊಂಡು ಹಂಗ ನಾಕು ಹೆರಿಗಿ ಮಾಡಿಸಿ ಬರ್ತೀನಿ ತಡಿ," ಎಂದು ನಕ್ಕಳು. ಜೋಗಿ ಸೆರಗು ಮೂಸಿ ಬಾಲವನ್ನೇನೋ ಅಲ್ಲಾಡಿಸಿದ, ಬಾಯಿ ತೆರೆಯಲಿಲ್ಲ. ಮೂರನೆಯ ದಿನವೂ ಅದೇ ಹಾಡು. ಅವಳು ಹೋದ ಮೇಲೆ ನಾನು ಅದೇ ರೊಟ್ಟಿ ತಿನ್ನಿಸಿದರೆ ಚೂರೂ ಬಿಡದೆ ತಿಂದ. ಈ ಸಲವೂ ದಾವಣಗೆರೆ ತಪ್ಪಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ, ನನ್ನ ಕೈಯೇ ಆಗಬೇಕು ಎನ್ನುವ ಅವನ ಹಟ ಒಳಗೊಳಗೇ ಹಿತವಾಗಿಯೂ ಇತ್ತು.

ನಾಲ್ಕನೆಯ ದಿನ ಸಂಜೆ ಜೋಗಿ ನನ್ನ ಕೈಯನ್ನೂ ಮೂಸಿ ಮುಖ ತಿರುಗಿಸಿದ.

"ಜೋಗೀ, ನಾನೋ," ಎಂದೆ. ಧ್ವನಿ ಕೇಳಿ ಬಾಲ ಬಡಿದ. ತುತ್ತು ಮಾತ್ರ ಬೇಡ. ಇನ್ನೊಮ್ಮೆ ಹಿಡಿದೆ. ಬೇಡ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಳಲಿಕ್ಕೂ ಮೈಯಲ್ಲಿ ಶಕ್ತಿಯಿರಲಿಲ್ಲ, ಆದರೂ ಅಳು ಬಂತು.

ಅಂಜಿನಕ್ಕ ನನ್ನ ಕೈ ಎಳೆದುಕೊಂಡು ಮೂಗಿಗೆ ಹಿಡಿದಳು. "ಲೇ ಗುರುಬಸಮ್ಮ, ದಿನಾ ನಿನ್ನ ಕೈ ದವಾಖಾನಿ ವಾಸನಿ ಹೊಡಿತಿತ್ತು. ಇವತ್ತು ಯಾಕ ಇಲ್ಲ?"

ನಾನು ಕೆಲಸ ಮಾಡುವ ಸರ್ಕಾರಿ ಆಸ್ಪತ್ರೆಗೆ ಬರುವ ಕೆಂಪು ಸಾಬೂನಿನ ತುಂಡೊಂದು ಮನೆಯ ಬಚ್ಚಲಲ್ಲೂ ಇರುತ್ತಿತ್ತು. ಅದರಿಂದ ಕೈ ತೊಳೆದೇ ಜೋಗಿಗೆ ತಿನ್ನಿಸುವುದು ನನ್ನ ರೂಢಿ. ಆ ತುಂಡು ಅವತ್ತು ಬೆಳಿಗ್ಗೆ ತೀರಿತ್ತು. ನಾನು ಮೈಗೆ ಹಚ್ಚುವ ಸಾಬೂನಿನಲ್ಲಿ ಕೈ ತೊಳೆದಿದ್ದೆ.

ಅಂಜಿನಕ್ಕನೇ ಆಸ್ಪತ್ರೆಗೆ ಹೋಗಿ ಒಂದು ತುಂಡು ಕೇಳಿ ತಂದಳು. ಮೊಣಕೈಯವರೆಗೆ ಉಜ್ಜಿ ತೊಳೆದು ತುತ್ತು ಹಿಡಿದಳು. ಜೋಗಿ ಮೂಸಿದ. ಬಾಯಿ ತೆರೆದ. ಎರಡು ರೊಟ್ಟಿ ಪೂರ್ತಿ ತಿಂದು ಅವಳ ಬೆರಳು ನೆಕ್ಕಿದ.

ತಿನ್ನಲಿ ಎಂದೇ ನಾಲ್ಕು ದಿನ ಒದ್ದಾಡಿದವಳು, ತಿಂದದ್ದನ್ನು ನೋಡಿ ಹೊಟ್ಟೆ ಉರಿಸಿಕೊಂಡೆ. ನನ್ನನ್ನು ನಂಬಿ ಬಾಯಿ ತೆರೆಯುತ್ತಾನೆ ಎಂದುಕೊಂಡಿದ್ದೆ. ಅವನು ನಂಬಿದ್ದು ಸರ್ಕಾರದ ಸಾಬೂನನ್ನು.

"ಮುಖ ಯಾಕ ಸಣ್ಣದು ಮಾಡ್ತಿ?" ಎಂದಳು ಅಂಜಿನಕ್ಕ. "ಅಂವ ಉಂಡಾನ. ಇನ್ನ ನೀ ಹೋಗಿ ಉಳ್ಕೊಂಡು ಬಾ."

ಹೊರಡುವ ದಿನ ಇನ್ನೊಂದು ತೊಡಕು ಎದುರಾಯಿತು. ನನ್ನ ಸದ್ದು ಕೇಳಿದರೆ ಜೋಗಿ ಊಟ ಬಿಟ್ಟು ಬೆನ್ನು ಹತ್ತುತ್ತಾನೆ. ಹಾಗೆ ಬಿಟ್ಟು ಹೋದರೆ ಮತ್ತೆ ಬಾಗಿಲಿಗೆ ತಲೆಯಿಡುತ್ತಾನೆ. ಅಂಜಿನಕ್ಕ ನಸುಕಿನಲ್ಲೇ ನನ್ನ ಬ್ಯಾಗನ್ನು ತನ್ನ ಮನೆಯ ಕಟ್ಟೆಯ ಮೇಲಿಟ್ಟು ಬಂದಳು. "ನಾ ಉಣಸಾಕ್ ಹತ್ತಿದ ಕೂಡ್ಲೆ ನೀ ಎದ್ದು ನಡಿ. ಮುಟ್ಟಬ್ಯಾಡ, ಮಾತಾಡಬ್ಯಾಡ," ಎಂದು ಪಿಸುಗುಟ್ಟಿದಳು.

ಆರೂಕಾಲಿಗೆ ಅವಳು ಪಡಸಾಲೆಯಲ್ಲಿ ಕೂತು ಮೊದಲ ತುತ್ತು ಕೊಟ್ಟಳು. ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅಡಿಗೆಮನೆಯಿಂದ ಹೊರಬಂದೆ. ಅವನ ಪಕ್ಕದಲ್ಲೇ ಹಾದುಹೋಗಬೇಕಿತ್ತು. ಎರಡು ಹೆಜ್ಜೆ ಇಟ್ಟಿರಲಿಲ್ಲ, ಜೋಗಿ ತಲೆಯೆತ್ತಿದ. ಕಿವಿ ನೆಟ್ಟಗಾಯಿತು. ಆ ಬಿಳಿ ಕಣ್ಣು ನೇರ ನನ್ನ ಕಡೆಗೇ ತಿರುಗಿತು.

ನಾನು ಉಸಿರು ಹಿಡಿದು ನಿಂತೆ. ಹೋಗಿ ಬರುತ್ತೇನೆ ಕಂದಾ ಎನ್ನುವ ಮಾತು ಗಂಟಲಿಗೆ ಬಂದಿತ್ತು. ಎಷ್ಟೋ ಮನೆಗಳಲ್ಲಿ ಸಾಯುವವರ ಪಕ್ಕ ಗಟ್ಟಿಯಾಗಿ ನಿಂತವಳು ನಾನು. ಇಲ್ಲಿ ಮುಂದಿನ ಹೆಜ್ಜೆ ಇಡಲಾಗಲಿಲ್ಲ. ವಾಪಸ್ ಬರುತ್ತೇನೋ ಇಲ್ಲವೋ ಎಂಬ ಭಯ ಏಳು ತಿಂಗಳಲ್ಲಿ ಮೊದಲ ಸಲ ಆಗ ಬಂತು.

ಅಂಜಿನಕ್ಕ ನನ್ನ ಕಡೆ ನೋಡಲಿಲ್ಲ. ತುತ್ತು ಹಿಡಿದ ಕೈಯನ್ನು ಅವನ ಮೂಗಿನ ಹತ್ತಿರವೇ ಇಟ್ಟುಕೊಂಡು ಕಾದಳು. ಜೋಗಿ ಒಂದು ಕ್ಷಣ ನನ್ನ ದಿಕ್ಕಿಗೇ ಮೂಸಿದ. ಆಮೇಲೆ ಅವಳ ಕೈ ಕಡೆ ತಿರುಗಿ ಬಾಯಿ ತೆರೆದ.

ಅವಳು ಎಡಗೈ ಬೆನ್ನ ಹಿಂದೆ ತಂದು, ಹೋಗು ಎಂದು ಬೀಸಿದಳು. ನಾನು ಹೊರಗೆ ಬಂದೆ. ಬೀದಿಯ ತಿರುವಿನವರೆಗೂ ಬರಿಗಾಲಲ್ಲೇ ನಡೆದೆ.