ಪದ್ದತ್ತೆ ಮೇಲಿದ್ದಾರೆ

ಗಗನ ಮೆಟ್ಟಿಲನ್ನು ಅಳಿಸಿದಳು. ರಬ್ಬರಿನ ಪುಡಿಯನ್ನು ಊದುವಷ್ಟರಲ್ಲಿ ಕಮಲಮ್ಮ ಅದೇ ಜಾಗದ ಮೇಲೆ ಬೆರಳಿಟ್ಟರು.

"ಯಾಕೆ ಅಳಿಸ್ದೆ? ನಾನು ಹತ್ತಿದ್ದು ಇದೇ ಮೆಟ್ಟಿಲು ಕಣೇ."

"ಹತ್ತಿದ್ದು ಅಡುಗೆಮನೆಯಿಂದ ಕಮಲಮ್ಮ. ಆದ್ರೆ ಮದುವೆ ಎಪಿಸೋಡಲ್ಲಿ ಇದೇ ಮೆಟ್ಟಿಲು ದೇವರಮನೆ ಪಕ್ಕ ಇದೆ. ಎರಡೂ ಕಡೆ ಬರೆದ್ರೆ ಮನೆ ಬೀದಿಗೆ ಬರುತ್ತೆ."

"ಸೀರಿಯಲ್ ಮನೆ ತಾನೆ. ದಿನಾ ಬೀದಿಗೆ ಬರೋದೇ ಅದರ ಕೆಲಸ."

ಗಗನ ನಕ್ಕು, ಮೆಟ್ಟಿಲನ್ನು ಅಡುಗೆಮನೆಯ ಪಕ್ಕದಲ್ಲೇ ಮತ್ತೆ ಬರೆದಳು.

ಅವಳು ಬರೆಯುತ್ತಿದ್ದುದು 'ಎಂಟು ಕಂಬದ ಮನೆ' ಧಾರಾವಾಹಿಯ ಮನೆಯ ನಕ್ಷೆ. ಸಾವಿರದ ಕಂತು ಪ್ರಸಾರವಾಗುವ ವಾರ ಅಭಿಮಾನಿಗಳಿಗಾಗಿ ಒಂದು ಪುಸ್ತಕ ಬರಲಿತ್ತು. ಅದರಲ್ಲಿ ವಂಶವೃಕ್ಷ, ಪಾತ್ರಗಳ ಪರಿಚಯ, ಆ ಮನೆಯಲ್ಲಿ ಮಾಡುವ ಗೊಜ್ಜವಲಕ್ಕಿಯ ವಿಧಾನ, ನಡುವೆ ಬಿಡಿಸಿ ನೋಡುವ ಈ ನಕ್ಷೆ. ಗಗನಳ ಮೊದಲ ಪುಸ್ತಕ. ಅದಕ್ಕಾಗಿ ಅವಳು ರಾಮಕೃಷ್ಣನಗರದ ತನ್ನ ಕೋಣೆಯಲ್ಲಿ ಕೂತು ಇಡೀ ಧಾರಾವಾಹಿಯನ್ನು ಮೊದಲಿಂದ ನೋಡಿದ್ದಳು, ಒಂದೂವರೆ ಪಟ್ಟು ವೇಗದಲ್ಲಿ. ಆ ವೇಗದಲ್ಲಿ ಅಳು ನಗುವಿನಂತೆ ಕೇಳುತ್ತದೆ ಎಂಬುದು ಅವಳ ಮೊದಲ ಸಂಶೋಧನೆ. ಎಂಟು ಕಂಬದ ಮನೆಯಲ್ಲಿ ಇರುವುದು ಆರೇ ಕಂಬ ಎಂಬುದು ಎರಡನೆಯದು.

ಮೂರನೆಯದು ಪದ್ದತ್ತೆ.

ಮನೆಯ ಯಜಮಾನನ ಅಕ್ಕ ಪದ್ದತ್ತೆ ಎರಡು ವರ್ಷದ ಹಿಂದೆ ಒಂದು ಮಂಗಳವಾರ ಕೈಯಲ್ಲಿ ಮೊರ ಹಿಡಿದು, "ಸಂಡಿಗೆ ತಿರುವಿ ಹಾಕಿ ಬಂದ್ಬಿಡ್ತೀನಿ" ಎಂದು ಮಹಡಿ ಹತ್ತಿದಳು. ಬುಧವಾರ ನಿರ್ದೇಶಕ ಬದಲಾದ. ಹೊಸಬ ಆಸ್ಪತ್ರೆಯ ದೃಶ್ಯದಿಂದ ಶುರು ಮಾಡಿದ. ಆಮೇಲೆ ಮನೆಯಲ್ಲಿ ಒಂದು ಮದುವೆ ನಡೆಯಿತು, ಕೋರ್ಟು ಕೇಸು ನಡೆಯಿತು, ಅವಳಿ ಮಕ್ಕಳು ಅದಲುಬದಲಾದವು. ಪದ್ದತ್ತೆ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಅವಳು ಸಾಯಲಿಲ್ಲ, ಊರು ಬಿಡಲಿಲ್ಲ, ಇಳಿಯಲೂ ಇಲ್ಲ.

ಪದ್ದತ್ತೆಯ ಪಾತ್ರ ಮಾಡಿದವರು ಕಮಲಮ್ಮ. ಮೈಸೂರಿನ ಹವ್ಯಾಸಿ ನಾಟಕಗಳಲ್ಲಿ ರಾಣಿಯಿಂದ ಭಿಕ್ಷುಕಿಯವರೆಗೆ ಎಲ್ಲವನ್ನೂ ಆಡಿ ಮುಗಿಸಿ, ಈಗ ಚಾಮರಾಜಪುರಂನಲ್ಲಿ ತಂಗಿಯ ಸಂಸಾರದ ಜೊತೆಗಿದ್ದವರು. ನಕ್ಷೆಯ ಬಗ್ಗೆ ಕೇಳಲು ಗಗನ ಅವರ ಮನೆಗೇ ಬಂದಿದ್ದಳು.

"ಮೆಟ್ಟಿಲು ಹತ್ತಿದ ಮೇಲೆ ಏನಿತ್ತು?" ಎಂದಳು.

"ಪ್ಲೈವುಡ್ಡು. ಎರಡು ಲೈಟು, ಕೈ ಮುರಿದ ಕುರ್ಚಿ. ಕಟ್ ಅಂದಿದ್ದು ನಂಗೆ ಕೇಳಿಸ್ಲಿಲ್ಲ, ಮೊರ ಇಟ್ಕೊಂಡು ಕೂತೆ. ಎಲ್ರೂ ಊಟಕ್ಕೆ ಹೋದ್ರು. ಆಮೇಲೆ ಲೈಟಿನೋರು ಬಂದು, 'ಇನ್ನೂ ಇಲ್ಲೇ ಇದೀರಾ ಅಮ್ಮ' ಅಂದ್ರು. ಈಗ್ಲೂ ಅಲ್ಲೇ ಇದೀನಿ ನೋಡು."

ಕಮಲಮ್ಮ ಬೀರು ತೆಗೆದು ಒಂದು ಸೀರೆ ಹೊರಗಿಟ್ಟರು. ಸಾಸಿವೆ ಬಣ್ಣ, ಹಸಿರು ಅಂಚು, ಇಸ್ತ್ರಿಯ ಮಡಿಕೆ ಚೂರೂ ಕದಲಿರಲಿಲ್ಲ. ಅವತ್ತು ಉಟ್ಟದ್ದು ಅದೇ, ಅವರ ಸ್ವಂತದ್ದು. ಮಹಡಿ ಹತ್ತಿದವಳು ಇಳಿಯುವಾಗ ಅದೇ ಸೀರೆಯಲ್ಲಿರಬೇಕಲ್ಲ.

"ತಂಗಿ ಮಗನ ಮದುವೆಗೂ ಉಡ್ಲಿಲ್ಲ ಕಣೇ. ಯಾವತ್ತು ಕರೀತಾರೋ ಅಂತ." ಅವರು ಸೀರೆಯನ್ನು ಸವರಿದರು. "ಒಂದೇ ಒಂದು ಹೇಳು. ಆ ಪುಸ್ತಕದಲ್ಲಿ ನನ್ನ ವಿಷಯ ಏನಂತ ಬರೀತೀಯ? ಅಚ್ಚಾಗಿದ್ದು ಅಚ್ಚಾಯ್ತು. ಇಲ್ಲ ಅಂತ ಬರೆದ್ಬಿಟ್ರೆ ನಾನು ಇಲ್ಲ."

ಗಗನ ಅಲ್ಲಿಂದಲೇ ಧಾರಾವಾಹಿಯ ಮ್ಯಾನೇಜರ್ ಪ್ರಸಾದನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿದಳು.

"ಪದ್ದತ್ತೇನಾ?" ಪ್ರಸಾದ ಯೋಚಿಸಿದ. "ಕಾಶಿಗೆ ಹೋದ್ರು ಅಂತ ಹಾಕ್ಬಿಡಿ."

"ಕಾಶಿಗೆ ಈಗಾಗ್ಲೇ ಮೂರು ಜನಾನ ಕಳಿಸಿದೀರಿ. ಇನ್ನೊಬ್ರು ಹೋದ್ರೆ ಅಲ್ಲೇ ಒಂದು ಸೀರಿಯಲ್ ಮಾಡ್ಬಹುದು."

"ಹಂಗಾದ್ರೆ ಏನೋ ಒಂದು ಬರೀರಿ. ಖಾಲಿ ಮಾತ್ರ ಬಿಡ್ಬೇಡಿ."

ಗಗನ ಫೋನು ಕೆಳಗಿಟ್ಟು ಪೆನ್ಸಿಲ್ ಎತ್ತಿಕೊಂಡಳು. ಮೆಟ್ಟಿಲು ಮುಗಿದ ಕಡೆ ಒಂದು ಚೌಕ ಬರೆದಳು.

"ಮೇಲಿದ್ದಾರೆ ಅಂತ ಬರೀತೀನಿ ಕಮಲಮ್ಮ. ಇರೋರಿಗೆ ಒಂದು ಕೋಣೆ ಬೇಕಲ್ಲ."

ಕಮಲಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದರು.

"ಕಿಟಕಿ ಬೆಟ್ಟದ ಕಡೆ ಇಡು" ಎಂದರು. "ಬಚ್ಚಲು ಪಕ್ಕದಲ್ಲೇ ಇರ್ಲಿ, ಅದಕ್ಕೋಸ್ಕರ ಇಳಿಯೋ ಹಾಗಾಗ್ಬಾರ್ದು."

"ಮಂಚ?"

"ಕುರ್ಚಿ ಮೊದ್ಲು. ಕೈ ಇರೋದು."

ಅವಳನ್ನು ಕಳಿಸಲು ಕಮಲಮ್ಮ ರಸ್ತೆಯ ತಿರುವಿನವರೆಗೆ ಬಂದರು. ಅಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ತಲೆ ಎತ್ತಿ, "ಎಂಗಿದೀರ ಪದ್ದತ್ತೆ? ಇನ್ನೂ ಇಳೀಲಿಲ್ವಾ?" ಎಂದಳು.

"ಸಂಡಿಗೆ ಒಣಗಿಲ್ಲ ಕಣಮ್ಮ."

"ಎರಡು ವರ್ಸ ಆಯ್ತು."

"ಸಬ್ಬಕ್ಕೀದು. ನಿಧಾನ."

ಹೂವಿನವಳು ಒಂದು ಮೊಳ ಮಲ್ಲಿಗೆಯನ್ನು ಎಲೆಯಲ್ಲಿ ಸುತ್ತಿಕೊಡುತ್ತ ಗಗನಳಿಗೆ ಹೇಳಿದಳು: "ಇವರೇ ವಾಸಿ ಕಣವ್ವ. ಆ ಸೀರಿಯಲ್ನಾಗೆ ಗೌಡ್ರ ಪಾರ್ಟು ಮಾಡಿದ್ರಲ್ಲ ರುದ್ರಸ್ವಾಮಿ, ಅವ್ರ ಪೋಟೋಗೆ ಆರ ಆಕಿದ್ನ ಟೀವೀಲಿ ನೋಡಿದೀನಲ್ಲ, ಅವರು ಬಾಳೆಹಣ್ಣು ತಗೊಳ್ತಾ ಎದುರು ಬಂದ್ರೆ ಮಾತಾಡ್ಸಕೇ ಬಾಯಿ ಬರಲ್ಲ."

ಕಮಲಮ್ಮ ಹೂ ಮುಡಿಯುವುದನ್ನು ಅರ್ಧಕ್ಕೆ ನಿಲ್ಲಿಸಿ ಅವಳನ್ನೇ ನೋಡಿದರು.

ಅದೇ ವಾರ ಗಗನ ನಕ್ಷೆಯನ್ನು ಪ್ರಸಾದನ ಮೇಜಿನ ಮೇಲೆ ಹರಡಿದಳು. ಅವನ ಬೆರಳು ಹಜಾರ ದಾಟಿ ಅಡುಗೆಮನೆ ದಾಟಿ ಮೆಟ್ಟಿಲು ಹತ್ತಿ ನಿಂತಿತು.

"ಈ ಕೋಣೆ ಎಲ್ಲಿಂದ ಬಂತ್ರೀ?"

"ಪದ್ದತ್ತೇದು. ಮೇಲಿದ್ದಾರೆ. ಯಾರೂ ಇಳಿಸ್ಲಿಲ್ಲ, ಅಷ್ಟೆ."

ಬೈಯುತ್ತಾನೆ ಎಂದುಕೊಂಡಿದ್ದಳು. ಉತ್ತರವನ್ನೂ ಸಿದ್ಧ ಮಾಡಿಕೊಂಡೇ ಬಂದಿದ್ದಳು. ಪ್ರಸಾದ ಮಾತ್ರ ಕುರ್ಚಿಯಿಂದ ಎದ್ದು ಸ್ಕೂಟರಿನ ಕೀಲಿ ಹುಡುಕತೊಡಗಿದ.

"ಸಾವಿರದ ಎಪಿಸೋಡಿಗೆ ಏನು ಮಾಡೋದು ಅಂತ ತಲೆ ಕೆಟ್ಟಿತ್ತು. ನೀವೇ ಕೊಟ್ರಿ. ನಡೀರಿ ಚಾಮರಾಜಪುರಂಗೆ."

ಬಾಗಿಲು ತೆಗೆದ ಕಮಲಮ್ಮನ ಕೈಗೆ ಸಂಡಿಗೆ ಹಿಟ್ಟು ಮೆತ್ತಿತ್ತು. ಅವರು ಉಟ್ಟಿದ್ದು ಸಾಸಿವೆ ಬಣ್ಣದ ಸೀರೆ, ಹಸಿರು ಅಂಚು.

"ಅಯ್ಯೋ ಅಮ್ಮ, ಅದೇ ಸೀರೆ" ಎಂದ ಪ್ರಸಾದ ಹೊಸ್ತಿಲಲ್ಲೇ ಕೈ ಮುಗಿದ. "ದೇವರೇ ಉಡ್ಸಿದಾನೆ ನಿಮಗೆ."

ಗಗನ ಸೀರೆಯನ್ನು ನೋಡಿದಳು. ಸೆರಗಿನ ಮೇಲೆ ಅರಿಶಿನದ ದೊಡ್ಡ ಕಲೆಯಿತ್ತು. ಮಡಿಕೆಗಳು ಹೋಗಿಬಿಟ್ಟಿದ್ದವು. ಒಂದೇ ದಿನ ಉಟ್ಟ ಸೀರೆಯಲ್ಲ ಅದು.

ಹಿತ್ತಲಲ್ಲಿ ಚಾಪೆಯ ಮೇಲೆ ಬಟ್ಟೆ ಹಾಸಿತ್ತು. ಕಮಲಮ್ಮ ಹಿಟ್ಟನ್ನು ಚಮಚದಲ್ಲಿ ಬಿಡುತ್ತ ಕೂತರು. ಪ್ರಸಾದ ನಿಂತೇ ಹೇಳಿದ. ಮಹಡಿಯ ಮೆಟ್ಟಿಲು. ಮೊರ ಹಿಡಿದು ಪದ್ದತ್ತೆ ಇಳಿಯುತ್ತಾಳೆ. ಇಡೀ ಮನೆ ಬೆಚ್ಚಿ ಎದ್ದು ನಿಲ್ಲುತ್ತದೆ. ಕೊನೆಯ ಮೆಟ್ಟಿಲಲ್ಲಿ ಕುಸಿಯುತ್ತಾಳೆ. ಸಂಡಿಗೆ ಚೆಲ್ಲುತ್ತದೆ.

"ಯಾರು ಅಳ್ತಾರೆ?" ಎಂದರು ಕಮಲಮ್ಮ, ಕೈ ನಿಲ್ಲಿಸದೆ.

"ಎಲ್ರೂ ಅಮ್ಮ. ಸೊಸೆ ಪಾತ್ರದ ಹೇಮಶ್ರೀ ಅಂತೂ ಗ್ಲಿಸರಿನ್ ಇಲ್ದೇ ಅಳ್ತಾರೆ."

"ಅವಳು ಗ್ಲಿಸರಿನ್ ಹಾಕಿದ್ರೂ ಅಳಲ್ಲ. ಆಮೇಲೆ?"

"ಆಮೇಲೆ ಹಾರ, ದೀಪ. ಶಾಟ್ ಆದ್ಮೇಲೆ ಕ್ಯಾಮೆರಾ ನೋಡ್ಕೊಂಡು ನೀವು ಒಂದ್ಸಲ ನಗ್ಬೇಕು. ಸತ್ತ ಸೀನ್ ಮಾಡ್ದೋರು ನಗದೇ ಮನೆಗೆ ಹೋಗ್ಬಾರ್ದು, ನಮ್ಮ ಯೂನಿಟ್ಟಲ್ಲಿ ಅದು ಶಾಸ್ತ್ರ. ಪುಸ್ತಕದಲ್ಲಿ ಇಡೀ ಪುಟ ನಿಮಗೆ. ಹಾರ ಹಾಕಿದ ಫೋಟೋ, ಕೆಳಗೆ ಎರಡು ಸಾಲು. ಜನ ಫ್ರೇಮ್ ಹಾಕಿಸ್ಕೋತಾರೆ."

"ನಾನು ಬರ್ದೇ ಇದ್ರೆ? ಫೋಟೋಗೆ ಹಾರ ಹಾಕಿ ಮುಗಿಸ್ಬಹುದಲ್ಲ."

ಪ್ರಸಾದ ಕೆನ್ನೆ ಬಡಿದುಕೊಂಡ. "ಬಿಡ್ತು ಅನ್ನಿ. ಬದುಕಿರೋರ ಫೋಟೋಗೆ ಅವರು ಬಂದು ನಗದೇ ಹಾರ ಹಾಕಿದ್ರೆ, ಮಾರನೇ ದಿನ ಒಬ್ನೂ ಕ್ಯಾಮೆರಾ ಮುಟ್ಟಲ್ಲ."

"ಹೌದಲ್ವಾ" ಎಂದರು ಕಮಲಮ್ಮ.

ಪ್ರಸಾದ ಗಗನಳ ಕಡೆ ತಿರುಗಿದ. "ನೀವಾದ್ರೂ ಹೇಳ್ರೀ. ಒಂದು ಚೌಕ ಒಳ್ಳೇದೋ, ಇಡೀ ಪುಟ ಒಳ್ಳೇದೋ?"

ಗಗನ ಚೀಲದಿಂದ ನಕ್ಷೆ ತೆಗೆದು, ಹಿಟ್ಟು ತಾಗದ ಹಾಗೆ ಕಮಲಮ್ಮನ ಎದುರು ಬಿಡಿಸಿದಳು. ಕಿಟಕಿ, ಬಚ್ಚಲು, ಕೈ ಇರುವ ಕುರ್ಚಿ. "ಕೋಣೆ ಅವರದು" ಎಂದಳು. "ಅವರನ್ನೇ ಕೇಳಿ."

ಕಮಲಮ್ಮ ನಕ್ಷೆಯನ್ನು ನೋಡಿದರು. ಬಟ್ಟೆಯ ಮೇಲೆ ಉಳಿದಿದ್ದ ಜಾಗಕ್ಕೆ ಕೊನೆಯ ಸಂಡಿಗೆ ಬಿಟ್ಟು, ಚಮಚವನ್ನು ಪಾತ್ರೆಯೊಳಗೆ ಇಟ್ಟು, ಕೈಯನ್ನು ಸಾಸಿವೆ ಬಣ್ಣದ ಸೆರಗಿಗೇ ಒರೆಸಿಕೊಂಡರು.

"ಬೇಡಪ್ಪ ಪ್ರಸಾದ" ಎಂದರು. "ನಾನು ಇಳಿಯಲ್ಲ."