ಕೋಚ್ ಹಾಲ್ವರ್ಸನ್ ಕೇಳಿದ ಮಾರ್ಚ್

ಸಂಗೀತ ರಚಿಸುವ ನನ್ನ ಗಂಡ ಎಮಿಲ್ ಟೌಸಿಗ್‌ಗೆ ವಿಯೆನ್ನಾದಲ್ಲಿ ಎರಡು ಥರದ ಕೇಳುಗರಿದ್ದರು: ಅರ್ಧಕ್ಕೇ ಎದ್ದು ಹೋಗುವವರು, ಪೂರ್ತಿ ಕೂತು ಬೈಯುವವರು. ವಾದಕರಂತೂ ಕೈಗೆ ಬಂದದ್ದು ನುಡಿಸಿ, "ಯಾರಿಗೆ ಗೊತ್ತಾಗುತ್ತೆ ಬಿಡಿ" ಎನ್ನುತ್ತಿದ್ದರು. ತಾನು ಬರೆದದ್ದನ್ನು ನಿಜವಾಗಿ ಕೇಳುವ ಒಬ್ಬನೇ ಒಬ್ಬ ಸಿಕ್ಕರೆ ಸಾಕು ಎಂದು ಇವನು ಗೋಳಾಡುತ್ತಿದ್ದ. ಅಷ್ಟರಲ್ಲಿ ನಾಜಿಗಳು ಬಂದರು, ನಾವು ಓಡಿದೆವು. ಅಮೆರಿಕದ ನೆಬ್ರಾಸ್ಕಾದ ಈ ಜೋಳದ ಊರಿನ ಹೈಸ್ಕೂಲಿನಲ್ಲಿ ಇವನಿಗೆ ಬ್ಯಾಂಡ್ ಮೇಷ್ಟರ ಕೆಲಸ ಸಿಕ್ಕಿತು. ಶುಕ್ರವಾರ ಫುಟ್‌ಬಾಲ್ ಪಂದ್ಯದ ವಿರಾಮದಲ್ಲಿ ಮಕ್ಕಳಿಂದ ಮಾರ್ಚ್, ಅಂದರೆ ಹೆಜ್ಜೆ ಹಾಕುವ ಬ್ಯಾಂಡ್ ಸಂಗೀತ, ನುಡಿಸಿಸಬೇಕು, ಅಷ್ಟೇ.

ಮಹಾನುಭಾವ ಅದನ್ನೂ ತನ್ನ ಹೊಸ ಪದ್ಧತಿಯಲ್ಲೇ ಬರೆದ. ಅದರಲ್ಲಿ ಹನ್ನೆರಡು ಸ್ವರಗಳೂ ಸಮಾನರು. ಎಲ್ಲರ ಸರದಿ ಮುಗಿಯುವವರೆಗೆ ಯಾರೂ ಎರಡನೇ ಸಲ ಬಾಯಿ ತೆರೆಯುವಂತಿಲ್ಲ. ನಮ್ಮ ಮನೆಯಲ್ಲಿ ಈ ನಿಯಮ ಎಂದೂ ನಡೆದಿಲ್ಲ.

ತಾಲೀಮು ಕೇಳಿದ ಹೆಡ್‌ಮಾಸ್ಟರ್ ಮನೆಗೇ ಬಂದರು. "ನೋಡ್ರಿ ಟೌಸಿಗ್, ನಾಳೆ ಜನ ಗಲಾಟೆ ಮಾಡಿದ್ರೆ ಸೋಮವಾರದಿಂದ ನೀವು ಬರೋದೇ ಬೇಡ."

ಅವರು ಹೋದ ಮೇಲೆ ಹೇಳಿದೆ, "ಒಂದು ಮಾಮೂಲಿ ಮಾರ್ಚ್ ಬರಿ ಮಾರಾಯ. ಇನ್ನೊಂದು ಸಲ ಗಂಟುಮೂಟೆ ಕಟ್ಟೋ ಶಕ್ತಿ ನನಗಿಲ್ಲ."

"ಒಂದು ಸ್ವರಾನೂ ಬದಲಾಯಿಸಲ್ಲ ಗ್ರೇಟೆ." ಮೊಂಡ.

ಮರುದಿನ ವಿರಾಮದ ಹೊತ್ತಿಗೆ ನಮ್ಮೂರಿನ ತಂಡ ಹೀನಾಯವಾಗಿ ಸೋಲುತ್ತಿತ್ತು. ಬ್ಯಾಂಡ್ ಶುರುವಾಯಿತು. ಜನ ತಿನ್ನುತ್ತಿದ್ದ ಹಾಟ್‌ಡಾಗ್ ಮರೆತು ಬಾಯಿ ಬಿಟ್ಟುಕೊಂಡು ಕೂತರು. ನಾನು ಮನಸ್ಸಿನಲ್ಲೇ ಪೆಟ್ಟಿಗೆ ತುಂಬತೊಡಗಿದೆ. ಆದರೆ ವಿರಾಮ ಮುಗಿದದ್ದೇ ನಮ್ಮ ಹುಡುಗರು ಮೈಮೇಲೆ ದೇವರು ಬಂದವರಂತೆ ಆಡಿ ಗೆದ್ದುಬಿಟ್ಟರು.

ತಂಡದ ಕೋಚ್ ಹಾಲ್ವರ್ಸನ್, ಅದೃಷ್ಟ ತೊಳೆದುಹೋದೀತೆಂದು, ಗೆದ್ದ ದಿನದ ಕಾಲುಚೀಲವನ್ನು ಸೋಲುವವರೆಗೆ ಒಗೆಯುವ ಆಸಾಮಿಯಲ್ಲ. ಈಗ ಮಾರ್ಚ್ ಕೂಡ ಆ ಸಾಲಿಗೆ ಸೇರಿತು. ಸ್ವಲ್ಪ ಇಂಪಾಗಿ ತಿದ್ದಿಸೋಣ ಎಂದ ಹೆಡ್‌ಮಾಸ್ಟರಿಗೆ ಅವನು, "ಒಂದು ಸ್ವರ ಮುಟ್ಟಿದ್ರೂ ನಾನು ಕೆಲಸ ಬಿಡ್ತೀನಿ" ಎಂದ. ಈ ಊರಿನಲ್ಲಿ ಹೆಡ್‌ಮಾಸ್ಟರ್ ಎಷ್ಟು ಜನ ಬೇಕಾದರೂ ಸಿಗುತ್ತಾರೆ, ಗೆಲ್ಲಿಸುವ ಕೋಚ್ ಸಿಗುವುದಿಲ್ಲ. ನಮ್ಮೆದುರು ಸೋತ ಊರುಗಳವರೂ ತಮ್ಮ ಬ್ಯಾಂಡಿಗೆ ಅದೇ ಬೇಕೆಂದು ಬರೆಸಿಕೊಂಡು ಹೋದರು.

ನಾನು ಹಿಗ್ಗಿದೆ. ಎಮಿಲ್ ಊಟ ಬಿಟ್ಟ. "ಕಾಲುಚೀಲದ ಪಕ್ಕ ಕೂರಿಸಿದ್ರಲ್ಲೇ ನನ್ನನ್ನ. ಅವರಿಗೆ ಇದು ಬರೀ ತಾಯಿತ. ಕೇಳೋರು ಇಲ್ಲೂ ಇಲ್ಲ."

ಉಪವಾಸ ಕೂತವನಿಗೆ ಮರುದಿನ ಬುತ್ತಿ ಹಿಡಿದು ಮೈದಾನಕ್ಕೆ ಹೋದೆ. ಬ್ಯಾಂಡಿನ ತಾಲೀಮಿನ ಮಧ್ಯೆ, ಪಕ್ಕದಲ್ಲೇ ತನ್ನ ಹುಡುಗರನ್ನು ಆಡಿಸುತ್ತಿದ್ದ ಕೋಚ್ ವಿಷಲ್ ಊದಿ ಎಲ್ಲರನ್ನೂ ನಿಲ್ಲಿಸಿದ.

"ಪ್ರೊಫೆಸರ್ರೇ, ಆ ಟ್ರಾಂಬೋನ್ ಏನೋ ಬೇರೆ ನುಡಿಸ್ತು. ಹೋದ ವಾರ ಅಲ್ಲಿ ಹೀಗಿತ್ತು," ಎಂದು ತನ್ನ ಕತ್ತೆ ಗಂಟಲಿನಲ್ಲಿ ಆ ಸಾಲನ್ನು ಪೂರ್ತಿ ಹಾಡಿದ. ಹನ್ನೆರಡಕ್ಕೆ ಹನ್ನೆರಡೂ ಸರಿ.

ಎಮಿಲ್ ಹಾಳೆ ನೋಡಿದ. ಟ್ರಾಂಬೋನ್ ಕಹಳೆ ಊದುವ ಹುಡುಗಿ ತಪ್ಪಿದ್ದು ನಿಜ. ಕೈಯಲ್ಲಿದ್ದ ಕೋಲು ಕೆಳಗಿಟ್ಟು, ಮಕ್ಕಳೆದುರಿಗೇ ಬಿಕ್ಕಿ ಬಿಕ್ಕಿ ಅತ್ತ.

ಕೋಚ್ ಗಾಬರಿಯಾಗಿ ನನ್ನ ಹತ್ತಿರ ಓಡಿಬಂದ. "ಏನಮ್ಮಾ ಇದು, ಅಪಶಕುನಾನಾ?"

"ಅಲ್ಲ," ಎಂದೆ. "ಇನ್ನೊಂದು ಸಲ ಹಾಡಿ."